ಎರಡನೆಯ ಚಿತ್ರ

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಹಾಲು ಉಕ್ಕಿತು, ಒರೆಸಿದೆ. ಗಂಡನ ಫೋನಿನ ಅಲಾರಾಂ ಹೊಡೆಯಿತು, ನಿಲ್ಲಿಸಿದೆ. ಅಳು ಬರಲಿಲ್ಲ. ಸಿಟ್ಟು ಮಾತ್ರ, ಹಸಿವಿನ ಹಾಗೆ, ಹೊತ್ತಿಗೆ ಸರಿಯಾಗಿ ಬಂತು.

"ಎಲ್ಲಿಗೆ ಹೊರಟೆ?" ಎಂದರು ಅತ್ತೆ.

"ಆಸ್ಪತ್ರೆಗೆ. ಒಬ್ಬನಿಗೆ ಗ್ರಹಚಾರ ಬಿಡಿಸಬೇಕು."

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಹೋಗಿ ಬಿಡಿಸು."

ಮದುವೆಗೆ ಮುಂಚೆಯೇ ಗಂಡನಿಗೆ ಮೂತ್ರಕೋಶದ ಕ್ಯಾನ್ಸರ್ ಬಂದು ವಾಸಿಯಾಗಿತ್ತು. 'ಸ್ಕ್ಯಾನ್ ಕ್ಲಿಯರ್ ಬರಲಿ, ಮಗಳನ್ನ ಕೊಡ್ತೀನಿ' ಎಂದಿದ್ದರು ಅಪ್ಪ. ಕ್ಲಿಯರ್ ಎಂದು ಅವನೇ ಬಂದು ಹೇಳಿದ. ಮದುವೆಯಾಯಿತು. ವರ್ಷ ತುಂಬುವುದರೊಳಗೆ ರೋಗ ಎಲ್ಲ ಕಡೆ ಹರಡಿತ್ತು. 'ಅವತ್ತು ಮೂತ್ರ ಇಳಿಸೋ ಇಂಜೆಕ್ಷನ್ ಕೊಟ್ಟು ಇನ್ನೊಂದು ಚಿತ್ರ ತೆಗೆದಿದ್ರೆ ಆಗಲೇ ಕಾಣಿಸ್ತಿತ್ತು' ಎಂದರು ಕೊನೆಗೆ ನೋಡಿದ ಡಾಕ್ಟರು. ಅಂದಿನಿಂದ ಆ ಇಂಜೆಕ್ಷನ್ ಕೊಡದವನ ಮೇಲೆ ಕತ್ತಿ ಮಸೆಯುತ್ತಿದ್ದೆ.

ಸ್ಕ್ಯಾನ್ ವಿಭಾಗದ ಬೆಂಚಿನ ಮೇಲೆ ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಬಾತ್‌ರೂಮಿನ ಮುಂದೆ ಸಾಲು. ಟೆಕ್ನಿಷಿಯನ್ ಹೊರಗೆ ಬಂದ. ನನ್ನ ಗಂಡನದೇ ವಯಸ್ಸು, ಅವನದೇ ಮೈಕಟ್ಟು. ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಗಂಡನ ಹೆಸರು ಹೇಳಿದೆ.

"ಅವನಿಗೆ ಇಂಜೆಕ್ಷನ್ ಕೊಡೋಕೆ ಮರೆತ ಪುಣ್ಯಾತ್ಮ ನೀವೇನಾ?"

ಅವನು ನನ್ನನ್ನೇ ನೋಡಿದ. "ನೀವು... ಜಡ್ಜಮ್ಮನಾ?"

ಆ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವನು ಒಬ್ಬನೇ.

ಒಳಗೆ ಕೂರಿಸಿ ಹೇಳಿದ: "ನಾವು ಕೊಡೋ ಔಷಧಿ ಕ್ಯಾನ್ಸರ್ ಇರೋ ಕಡೆ ಹೊಳೆಯುತ್ತೆ. ಮೂತ್ರದಲ್ಲೂ ಹೊಳೆಯುತ್ತೆ. ಮೂತ್ರಕೋಶ ಬಲ್ಬಿನ ಥರ ಉರೀತಿದ್ರೆ ಹಿಂದಿರೋದು ಕಾಣಲ್ಲ. ಅದಕ್ಕೇ ನೀರು ಕುಡಿಸಿ, ಇಂಜೆಕ್ಷನ್ ಕೊಟ್ಟು, ಮೂತ್ರ ಎಲ್ಲಾ ಹೋದ್ಮೇಲೆ ಎರಡನೇ ಚಿತ್ರ ತೆಗೀತೀವಿ. ಸಿರಿಂಜ್ ಕೈಯಲ್ಲೇ ಇತ್ತು ಮೇಡಂ. ಬೇಡ ಅಂದ್ರು."

"ಯಾಕೆ?"

"'ಸಾಯಂಕಾಲ ಮಾವನ ಮುಂದೆ ಕೂರಬೇಕು ಗುರೂ. ಹತ್ತು ನಿಮಿಷಕ್ಕೊಂದ್ಸಲ ಎದ್ದು ಹೋದ್ರೆ ನಮ್ಮ ಜಡ್ಜಮ್ಮನ್ನ ಕೊಡ್ತಾರಾ? ಮುಂದಿನ ವಾರ ಬರ್ತೀನಿ' ಅಂದ್ರು. ಮೊದಲನೇ ಚಿತ್ರದಲ್ಲಿ ಬೇರೆಲ್ಲೂ ಏನೂ ಇರಲಿಲ್ಲ, ಅದನ್ನೇ ಕ್ಲಿಯರ್ ಅಂದ್ಕೊಂಡ್ರು. ಆಮೇಲೆ ಎಷ್ಟು ಸಲ ಫೋನ್ ಮಾಡಿದೆ, ಎತ್ತಲಿಲ್ಲ." ತಲೆ ತಗ್ಗಿಸಿದ. "ಕುಡಿಯೋ ನೀರು ಅಂಗಿ ಮೇಲೆ ಚೆಲ್ಲಿಕೊಂಡಿದ್ರು. ನನ್ನ ನೀಲಿ ಶರ್ಟ್ ಹಾಕ್ಕೊಂಡು ಓಡಿದ್ರು."

ನೀಲಿ ಶರ್ಟು.

ಆ ಸಾಯಂಕಾಲ ಅವನು ಅಪ್ಪನ ಎದುರು ಕೂತಲ್ಲೇ ಕೂತಿದ್ದ. ನೀರು ಕೊಟ್ಟರೆ ಒಂದೇ ಗುಟುಕು. ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡಿ ಒಂದು ಹುಬ್ಬು ಮಾತ್ರ ಎತ್ತಿದ್ದ.

ಬಾಗಿಲ ಹತ್ತಿರ ಪಿಸುಗುಟ್ಟಿದ್ದೆ, "ಹೊಸ ಶರ್ಟಾ? ನಿನಗೆ ಇಷ್ಟು ಒಳ್ಳೆ ಟೇಸ್ಟ್ ಯಾವಾಗ ಬಂತು?"

"ನಿನ್ನ ನೋಡಿದ್ಮೇಲೆ. ತೀರ್ಪು ಏನು, ಜಡ್ಜಮ್ಮ?"

"ಜೀವಾವಧಿ."

ನಕ್ಕಿದ್ದ. ಅವನು ಹೋದ ಮೇಲೆ ಅಪ್ಪ, "ಹುಡುಗ ಗಟ್ಟಿ. ಅಲ್ಲಾಡಲಿಲ್ಲ ನೋಡು," ಎಂದಿದ್ದರು.

ಮನೆಗೆ ಬಂದೆ. ಕಡಿಯಬೇಕಾದವನು ಬೂದಿಯಾಗಿದ್ದ. ನನ್ನನ್ನು ಪಡೆಯಲು ನನ್ನನ್ನೇ ಒಂಟಿ ಮಾಡಿದವನು; ನನ್ನನ್ನೊಂದು ಮಾತು ಕೇಳದವನು. ಕೇಳಿದ್ದರೆ, ಎಷ್ಟು ಸಲ ಬೇಕಾದರೂ ಎದ್ದು ಹೋಗು ಎನ್ನುತ್ತಿದ್ದೆ. ಬಾತ್‌ರೂಮಿನ ದಾರಿ ನಾನೇ ತೋರಿಸುತ್ತಿದ್ದೆ.

ಶರ್ಟು ಬೀರುವಿನಲ್ಲಿತ್ತು, ಕೊನೆಯ ಸಲ ತೊಟ್ಟು ಒಗೆಯದೆ ನೇತುಹಾಕಿದ್ದು. ಕಾಲರಿನಲ್ಲಿ ಅವನಿದ್ದ. ಮನೆಯಲ್ಲಿ ಅವನು ಉಳಿದಿದ್ದುದು ಅಲ್ಲಿ ಮಾತ್ರ.

ಬಕೆಟ್ಟಿಗೆ ಹಾಕಿದೆ. ಸೋಪು ಹಚ್ಚಿ ಉಜ್ಜಿದೆ, ಹಿಂಡಿದೆ, ಮೂಸಿದೆ. ಇನ್ನೂ ಇದ್ದ. ಮತ್ತೆ ಉಜ್ಜಿದೆ. ಅವನು ಪೂರ್ತಿ ಹೋಗುವವರೆಗೂ ಬಿಡಲಿಲ್ಲ.

"ಯಾರ ಮೇಲಮ್ಮಾ ಈ ಕೋಪ?" ಎಂದರು ಅತ್ತೆ.

"ನಿಮ್ಮ ಮಗನ ಮೇಲೆ."

ಅವರು ಬಕೆಟ್ಟಿನ ಪಕ್ಕ ಕೂತು ಶರ್ಟಿನ ಇನ್ನೊಂದು ತುದಿ ಹಿಡಿದು ಹಿಂಡಿದರು.

ಮರುದಿನ ಇಸ್ತ್ರಿ ಮಾಡಿದ ಶರ್ಟನ್ನು ಟೆಕ್ನಿಷಿಯನ್ ಕೈಗೆ ಕೊಟ್ಟೆ.

"ನೀವೇ ಇಟ್ಕೊಳ್ಳಿ ಮೇಡಂ."

"ಬೇಡ. ಇದು ಸಾಲ ತಂದದ್ದು."

ಅವನು ಮಡಿಕೆ ಬಿಚ್ಚಿ ನೋಡಿದ. "ಮೇಲಿನ ಗುಂಡಿ ಇಲ್ಲ."

"ಗೊತ್ತು," ಎಂದೆ. ಅದು ನನ್ನ ಮುಷ್ಟಿಯಲ್ಲಿತ್ತು.