ಸೊನ್ನೆ ಸದ್ದಿನ ದನಿ

ಬಾಗಿಲು ತೆರೆದಳು. ಎದುರಿಗೆ ನಿಂತಿದ್ದವನು ಅವಳ ಗಂಡ!

ಎಂಟು ತಿಂಗಳ ನಂತರ... ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲೊಂದು ಕೇಬಲ್ ಸುರುಳಿ. ಎದೆ ಧಸಕ್ಕೆನ್ನಬೇಕಿತ್ತು. ಅವಳಿಗೆ ಏನೂ ಅನ್ನಿಸಲಿಲ್ಲ. ಚಳಿಗೆ ಮರಗಟ್ಟಿದ ಬೆರಳನ್ನು ಮುಟ್ಟಿದ ಹಾಗೆ, ಅಷ್ಟೆ.

"ಅಮ್ಮ ಫೋನ್ ಮಾಡಿದ್ಲು. ನೆಟ್ ಕೈಕೊಡ್ತಿದೆಯಂತೆ."

"ನಾನೇ ಕರೆಸಿದ್ದು ಕಣಮ್ಮ," ಅಡುಗೆಮನೆಯಿಂದ ಅತ್ತೆಯ ದನಿ. ಮಗ ಊರು ಬಿಟ್ಟರೂ ಸೊಸೆಯನ್ನು ಬಿಡದ ಗಟ್ಟಿಗಿತ್ತಿ ಆಕೆ. "ಗಂಡನಾಗಂತೂ ಬರಲಿಲ್ಲ, ರಿಪೇರಿಯವನಾಗಾದ್ರೂ ಬರಲಿ!"

ಮೇಜಿನ ಮೇಲೆ ವಿಚ್ಛೇದನದ ಕಾಗದಗಳಿದ್ದವು. ಸೋಮವಾರ ಇಬ್ಬರೂ ಸಹಿ ಹಾಕಬೇಕಿತ್ತು. ಅವನು ನೋಡಿಯೂ ನೋಡದವನಂತೆ ಕೂತ.

ಅವರ ನಡುವೆ ಜಗಳವೇ ಆಗಿರಲಿಲ್ಲ. ಬೇರೆ ಊರಿನ ಕೆಲಸ ಒಪ್ಪಿಕೊಳ್ಳುವ ಸುದ್ದಿಯನ್ನು ಅವನು ಮೊದಲು ಹಾಕಿದ್ದು ಕುಟುಂಬದ ಗ್ರೂಪಿನಲ್ಲಿ. ಚಿಕ್ಕಪ್ಪ, ಅತ್ತಿಗೆ, ನಾದಿನಿಯ ಗಂಡ... ಎಲ್ಲರೂ ಹೆಬ್ಬೆರಳ ಚಿತ್ರ ಒತ್ತಿದರು. ಅವಳೂ ಒತ್ತಿದಳು. 'ನಾನೂ ಹತ್ತರಲ್ಲಿ ಹನ್ನೊಂದು' ಎಂದುಕೊಂಡಳು. 'ಇವಳಿಗೇನೂ ಬೇಜಾರಿಲ್ಲ' ಎಂದು ಅವನು ತಿಳಿದ. ಬಾಯಿ ಬಿಟ್ಟು ಕೇಳುವ ಪುಣ್ಯಾತ್ಮರು ಇಬ್ಬರಲ್ಲಿ ಒಬ್ಬರೂ ಇರಲಿಲ್ಲ! ಅವನು ಒಬ್ಬನೇ ಹೋದ, ಆ ಮೌನವೇ ಬೆಳೆದು ವಕೀಲರವರೆಗೆ ಬಂತು.

"ಯಾವಾಗಿಂದ ಹೀಗೆ, ನೆಟ್?" ಅವನು ಕೇಳಿದ.

"ಹೋದ ವಾರ ಹೊಸ ರೌಟರ್ ಹಾಕಿಸಿದಾಗಿಂದ. ನಿನ್ನೆ ಡಾಕ್ಟರು ಮಾತಾಡ್ತಿದ್ದಾಗ್ಲೇ ಕಾಲ್ ನಿಂತುಹೋಯ್ತು."

ಡಾಕ್ಟರ ಮಾತನ್ನು ಬೇರೆ ಭಾಷೆಯ ರೋಗಿಗಳಿಗೆ ವಿಡಿಯೋ ಕಾಲ್‌ನಲ್ಲಿ ತಿಳಿಸುವುದು ಅವಳ ಕೆಲಸ.

ನೆಟ್‌ಗೆ ಜೋಡಿಸಿದ್ದನ್ನು ಅವನು ಒಂದೊಂದಾಗಿ ಆರಿಸಿ ನೋಡಿದ. ಬಲ್ಬು, ಟೀವಿ, ಪರದೆ ಎಳೆಯುವ ಮೋಟಾರು... ಯಾವುದರ ತಪ್ಪೂ ಅಲ್ಲ. ಲ್ಯಾಪ್‌ಟಾಪ್ ತೆರೆದ.

"ಏನೋ ಒಂದು ಬಿಡದೆ ಎಲ್ಲರಿಗೂ ಕೂಗ್ತಾ ಇದೆ. ಹಳೇ ರೌಟರ್ ಕೇಳಿದೋರಿಗೆ ಮಾತ್ರ ಕೊಡ್ತಿತ್ತು. ಹೊಸದು ಬಲ್ಬಿಗೂ ಹಂಚುತ್ತೆ, ನಿನ್ನ ಲ್ಯಾಪ್‌ಟಾಪಿಗೂ ಹಂಚುತ್ತೆ. ಇನ್ನು ನಿನ್ನ ಕಾಲ್‌ಗೆ ಜಾಗ ಎಲ್ಲಿ?"

ಅವಳಿಗೆ ಥಟ್ಟನೆ ಹೊಳೆಯಿತು. 'ಅಯ್ಯೋ... ಅದು!'

"ಹಾಲ್‌ನ ಸ್ಪೀಕರ್. ಎಲ್ಲ ರೂಮಿಗೂ ಕಳಿಸ್ತಿದೆ. ಆದ್ರೆ ವಾಲ್ಯೂಮ್ ಸೊನ್ನೆ..." ಅವನು ಹುಬ್ಬು ಗಂಟಿಕ್ಕಿದ. "ಯಾವ ಹಾಡು ಇದು?"

"ಬೇಡ... ಬಿಡಿ!"

ಅಷ್ಟರಲ್ಲಿ ಸದ್ದು ಏರಿಸಿಯಾಗಿತ್ತು. ನಡುಮನೆ, ಮಲಗುವ ಕೋಣೆ, ಅಡುಗೆಮನೆ, ಎಲ್ಲ ಕಡೆ ಒಟ್ಟಿಗೆ...

"ಬಂದೆ ಕಣೇ... ಬಂದೆ ಕಣೇ..."

ಅವನದೇ ದನಿ! ಮದುವೆಯ ಹೊಸತರಲ್ಲಿ, ಆಫೀಸಿನಿಂದ ಬಂದ ಕೂಡಲೇ ಅವಳು ಯಾವ ಕೋಣೆಯಲ್ಲಿದ್ದರೂ ಕೇಳಿಸಲೆಂದು ಅವನೇ ರೆಕಾರ್ಡ್ ಮಾಡಿಟ್ಟಿದ್ದು.

"ಬಂದಿದ್ದು ಗೊತ್ತಾಯ್ತು! ಎಷ್ಟು ಸಲ ಹೇಳ್ತೀಯೋ?" ಅತ್ತೆ ಗದರಿದರು.

ಅವನು ಅವಳತ್ತ ತಿರುಗಿದ. "ಎಷ್ಟು ದಿನದಿಂದ ಇದು?"

"ನೀವು ಹೋದಾಗಿಂದ." ಅವಳ ದನಿ ಸಪ್ಪಗಿತ್ತು, ಪಟ್ಟಿ ಓದುವವಳಂತೆ. "ಕೇಳಕ್ಕೂ ಆಗ್ಲಿಲ್ಲ, ನಿಲ್ಲಿಸಕ್ಕೂ ಆಗ್ಲಿಲ್ಲ. ಸದ್ದು ತೆಗೆದುಬಿಟ್ಟೆ. ರೌಟರ್ ಬದಲಾಯಿಸಿದಾಗ ನಿಂತಿತ್ತು... ಮತ್ತೆ ನಾನೇ ಶುರು ಮಾಡ್ದೆ."

"ಹಾಗಾದ್ರೆ ಆ ಹೆಬ್ಬೆರಳು?"

"ಎಲ್ಲರಿಗೂ ಹೇಳಿದ್ರಿ. ಎಲ್ಲರ ಹಾಗೇ ಉತ್ತರ ಕೊಟ್ಟೆ. ನನ್ನ ಕೆಲಸಕ್ಕೆ ನೆಟ್ ಇದ್ರೆ ಸಾಕು, ಯಾವ ಊರಾದ್ರೇನು? ಕರೆದಿದ್ರೆ ಬರ್ತಿದ್ದೆ."

ಅವನ ಕಣ್ಣು ತುಂಬಿ ಬಂತು. "ತಪ್ಪಾಯ್ತು ಕಣೇ. 'ಹೋಗ್ಬೇಡಿ' ಅಂತೀಯೇನೋ ಅಂತ ಎರಡು ದಿನ ಕಾದೆ. ನೀನಿಲ್ಲದ ಮನೆಗೆ ಬಂದು 'ಬಂದೆ' ಅಂತ ಯಾರಿಗೆ ಹೇಳ್ಲಿ ನಾನು?"

ಅವನು ಆ ದನಿಯನ್ನು ನಿಲ್ಲಿಸಿದ. ರೌಟರಿನಲ್ಲಿ ಒಂದು ಆಯ್ಕೆ ಬದಲಾಯಿಸಿದ. ಇನ್ನು ಕೇಳಿದವರಿಗೆ ಮಾತ್ರ. ಮನೆ ನಿಶ್ಶಬ್ದವಾಯಿತು.

ಅತ್ತೆ ಒಲೆಯಿಂದ ಇಳಿಸಿದ ಬಿಸಿ ಪಾತ್ರೆ ತಂದು ನೇರವಾಗಿ ವಿಚ್ಛೇದನದ ಕಾಗದದ ಮೇಲೆ ಇಟ್ಟರು. "ಮೇಜು ಸುಡಬಾರದು ನೋಡು," ಎಂದು ಒಳಗೆ ಹೋದರು.

ಅವನು ಎದ್ದ. ಚಪ್ಪಲಿ ಮೆಟ್ಟಿದ. ಹೊರಗೆ ಹೋಗಿ ಬಾಗಿಲು ಎಳೆದುಕೊಂಡ!

'ಹೋಗೇಬಿಟ್ಟರಾ...' ಮರಗಟ್ಟಿದ ಬೆರಳಿಗೆ ಜೀವ ಬರುವಾಗ ಉರಿಯುತ್ತದಲ್ಲ, ಹಾಗೆ ಉರಿಯಿತು ಅವಳ ಎದೆ. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಅತ್ತಳು.

ಬೆಲ್ ಆಯಿತು. ಬಾಗಿಲು ತೆರೆದಳು. ಅವನು ಅವಳ ಕಿವಿಯ ಬಳಿ ಬಾಗಿದ, ಅಡುಗೆಮನೆಗೂ ಕೇಳಿಸದಷ್ಟು ಮೆಲ್ಲಗೆ...

"ಬಂದೆ ಕಣೇ."

"ಯಾಕ್ರೀ ಇಷ್ಟು ತಡ?"