ಐದು ಚಿಲಕದ ಪೆಟ್ಟಿಗೆ

"ತೊಗೊಂಡು ಹೋಗಮ್ಮಾ, ಬೇಡ ಅನ್ನಲ್ಲ. ಆದ್ರೆ ಅದರ ಮುಂದೆ ಬಾಯಿಬಿಟ್ಟು ಬೆಲೆ ಮಾತ್ರ ಹೇಳಬೇಡ."

ಮುದುಕಿ ಹೊಸ್ತಿಲಾಚೆಯೇ ನಿಂತಿದ್ದಳು. ಒಳಗೆ, ಅವಳ ಗಂಡ ನಲವತ್ತು ವರ್ಷ ಗಿಟಾರುಗಳನ್ನು ರಿಪೇರಿ ಮಾಡಿದ ಕೋಣೆಯಲ್ಲಿ, ಹರಾಜು ಮಳಿಗೆಯಿಂದ ಬಂದವಳು ಗಿಟಾರಿನ ಖಾಲಿ ಪೆಟ್ಟಿಗೆಯೊಂದರ ಮುಂದೆ ಮಂಡಿಯೂರಿ ಕೂತು ನಕ್ಕಳು. ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವುದೇ ಅವಳ ಕೆಲಸ. ಸೇರಿ ಐದು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ.

"ಬೆಲೆ ಹೇಳಬೇಡ ಅಂದ್ರೆ ನನಗೆ ಸಂಬಳ ಯಾಕಮ್ಮಾ ಕೊಡ್ತಾರೆ?"

"ನನ್ನ ಗಂಡನ ಅಣ್ಣ ಮಾಟ ಮಾಡಿಸಿಟ್ಟಿದ್ದು ಅದು." ಮುದುಕಿಯ ದನಿ ಇಳಿಯಿತು. "ತಮ್ಮನ ಕೈಗುಣ ಕಂಡ್ರೆ ಹೊಟ್ಟೆಯುರಿ. ಒಳಗೆ ಏನೋ ಇಡಿಸಿ ಉಡುಗೊರೆ ಅಂತ ಕಳಿಸ್ದ. ಇವರು ಖುಷಿಯಾಗಿ, ಇಷ್ಟು ಬಾಳುತ್ತೆ ಅಂದ್ರು. ಅಷ್ಟೇ. ಆಮೇಲೆ ಸಾಯೋವರೆಗೂ ಇವರ ಕಿವಿಗೆ ನನ್ನ ದನಿ ಬೀಳಲಿಲ್ಲ."

ಹರಾಜು ಮಳಿಗೆಯವಳು ಒಂದಕ್ಷರವನ್ನೂ ನಂಬಲಿಲ್ಲ. ನಂಬದಿರುವುದೇ ಅವಳ ಹೊಟ್ಟೆಪಾಡಿನ ವಿದ್ಯೆ. ಹಳೆಯ ಗಿಟಾರ್ ಇರುವವನು ಅದರ ಜೊತೆಗೇ ತಯಾರಾದ ಪೆಟ್ಟಿಗೆಗಾಗಿ ಹಂಬಲಿಸುತ್ತಾನೆ. ಖಾಲಿ ಪೆಟ್ಟಿಗೆ ಹೊಸ ಗಿಟಾರಿಗಿಂತ ದುಬಾರಿಯಾಗಿ ಹೋಗುವುದುಂಟು. ಹಿಡಿಕೆ ಬದಲಾಗಿದ್ದರೆ ಬೆಲೆ ಕಾಲುಭಾಗ ಬೀಳುತ್ತದೆ, ಒಳಗಿನ ಮಖಮಲ್ಲು ಹೊಸದಾಗಿದ್ದರೆ ಅರ್ಧ. ಇದೆಲ್ಲ ಬಲ್ಲ ಯಾವನೋ ವ್ಯಾಪಾರಿ ಮುದುಕಿಯ ಕಿವಿಯೂದಿದ್ದಾನೆ. ಇವತ್ತು ಹೆದರಿಸಿ ಓಡಿಸಿ, ನಾಳೆ ಪುಕ್ಕಟೆಗೆ ಎತ್ತಿಕೊಂಡು ಹೋಗುವ ಹುನ್ನಾರ. ಅಥವಾ ಮಳಿಗೆಯಲ್ಲಿ ಹರಾಜು ಕೂಗುವ ಹಿರಿಯನ ಕೈವಾಡವೋ? ಇವಳನ್ನು ಕಂಡಾಗಲೆಲ್ಲ ಆತ ಯಜಮಾನರ ಬಳಿ ಏನೋ ಪಿಸುಗುಟ್ಟುತ್ತಿದ್ದ.

ಐದೂ ಚಿಲಕ ತೆಗೆದು ಮುಚ್ಚಳವೆತ್ತಿದಳು. ಮಾಸಿದ ಗುಲಾಬಿ ಮಖಮಲ್ಲು. ಮೊದಲು ಹಳೆಯ ಅಂಟಿನ ವಾಸನೆ, ಆಮೇಲೆ ಬೂಷ್ಟಿನದು, ಎಲ್ಲಕ್ಕೂ ಅಡಿಯಲ್ಲಿ ಸುಟ್ಟ ಕೂದಲಿನದು. ಹಿಡಿಕೆ ಮೂಲದ್ದೇ. ಹೊಲಿಗೆಯೂ ಮೂಲದ್ದೇ, ಒಂದು ಮೂಲೆಯಲ್ಲಿ ಮಾತ್ರ ಯಾರೋ ಕಪ್ಪು ದಾರದಿಂದ ನಾಲ್ಕು ಹೊಲಿಗೆ ಹಾಕಿದ್ದರು.

"ಎಂಬತ್ತು ಸಾವಿರ," ಅಂದಳು, ಬೇಕೆಂದೇ ಗಟ್ಟಿಯಾಗಿ. "ಏನಪ್ಪಾ ಪೆಟ್ಟಿಗೆ, ಕೇಳಿಸ್ತಾ?"

ಮುದುಕಿ ಮುಖ ಮುಚ್ಚಿಕೊಂಡಳು.

ಮುಚ್ಚಳ ಹಾಕಿ ಇನ್ನೂ ಕೈ ತೆಗೆದಿರಲಿಲ್ಲ, ಮೊದಲ ಚಿಲಕ ತಾನಾಗಿ ಬಿತ್ತು. ಟಕ್. ಗೋಡೆ ಗಡಿಯಾರದ ಲೋಲಕ ತೂಗುತ್ತಲೇ ಇತ್ತು. ಅದರ ಟಿಕ್ ಟಿಕ್ ಮಾತ್ರ ನಿಂತುಹೋಗಿತ್ತು.

ಸ್ಪ್ರಿಂಗ್ ಸಡಿಲವಾಗಿರಬೇಕು ಅಂದುಕೊಂಡಳು. ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಿಂದ ಮತ್ತೊಂದು ಟಕ್. ಪಕ್ಕದಲ್ಲೇ ಲಾರಿಯೊಂದು ನೆರಳಿನ ಹಾಗೆ, ಸದ್ದಿಲ್ಲದೆ ಹಾದುಹೋಯಿತು. ಮಳಿಗೆಯ ಮೆಟ್ಟಿಲು ಹತ್ತುವಾಗ ಮೂರನೆಯದು ಬಿತ್ತು; ತನ್ನ ಹೆಜ್ಜೆಯ ಸಪ್ಪಳವೇ ತನಗೆ ಕೇಳಲಿಲ್ಲ. ಗಾಬರಿಯಲ್ಲಿ ಗಂಡನಿಗೆ ಫೋನ್ ಮಾಡಿದಳು.

"ಏನಾಯ್ತೇ? ದನಿ ಯಾಕೆ ಹಂಗಿದೆ? ನೀನು ಮೊದಲು..."

ಟಕ್.

ಆಮೇಲೆ ಏನೂ ಇಲ್ಲ. ನಡುಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿ ನಿಗಿನಿಗಿ ಎನ್ನುತ್ತಿತ್ತು. ಕಿವಿಯೊಳಗೆ ಕಗ್ಗತ್ತಲು. ಉಳಿದದ್ದು ಒಂದೇ ಸದ್ದು, ಅವಳ ಎದೆಬಡಿತ.

ಬಿದ್ದ ಚಿಲಕಗಳನ್ನು ಎಬ್ಬಿಸಿ, ಬ್ಲೇಡಿನಿಂದ ಕಪ್ಪು ದಾರ ಕೊಯ್ದಳು. ಮಖಮಲ್ಲಿನ ಅಡಿಯಲ್ಲಿ ಮೇಣದ ಉಂಡೆ. ಅದಕ್ಕಂಟಿದ ಒಂದು ಬಿಳಿಗೂದಲಿನಲ್ಲಿ ಐದು ಗಂಟು. ಪಕ್ಕದಲ್ಲಿ ಉದ್ದನೆಯ ಕೂದಲು, ತುದಿಯಲ್ಲಿ ಅವಳು ಹೋದ ವಾರ ಹಚ್ಚಿಕೊಂಡ ಬಣ್ಣ. ನಾಲ್ಕು ಗಂಟು. ತುದಿ ಹುಳುವಿನಂತೆ ಮಿಸುಕಿತು. ಬಾಗಿತು. ಐದನೆಯ ಗಂಟಿಗೆ ಸುತ್ತಿಕೊಳ್ಳತೊಡಗಿತು.

ಮುಚ್ಚಳ ದಬ್ಬಿದಳು, ನಾಲ್ಕೂ ಚಿಲಕ ಮತ್ತೆ ತಾವಾಗಿ ಬಿದ್ದವು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮುದುಕಿಯ ಮನೆಗೆ ಓಡಿದಳು. ಕಿವಿ ತೋರಿಸಿದಳು, ಅತ್ತಳು. ಮುದುಕಿ ಕಾಗದದ ಮೇಲೆ ಬರೆದಳು: 'ಐದನೆಯದು ಬಿದ್ದ ದಿನ ನನ್ನ ಗಂಡನ ಎದೆಬಡಿತ ನಿಂತಿತು. ಅವರು ಹೇಳಿದ್ದು ಅಗ್ಗದ ಬೆಲೆ, ಹನ್ನೊಂದು ವರ್ಷ ತಡೆಯಿತು. ಬೆಲೆ ಏರಿದಷ್ಟೂ ಅದಕ್ಕೆ ಅವಸರ. ಬೇರೆಯವರು ನಿನಗಿಂತ ಹೆಚ್ಚು ಹೇಳಿದರೆ ನಿನ್ನನ್ನು ಬಿಟ್ಟು ಅವರನ್ನು ಹಿಡಿಯುತ್ತದೆ. ನನ್ನ ಗಂಡ ಯಾರ ಬಾಯಲ್ಲೂ ಹೇಳಿಸಲಿಲ್ಲ.'

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಆಮೇಲೆ ಕಾಗದ ಮುದುರಿ ಎಸೆದಳು.

ಮಳಿಗೆಯಲ್ಲಿ ಹರಾಜು ಕೂಗುವ ಹಿರಿಯ ಒಬ್ಬನೇ ಕೂತು ಪಟ್ಟಿ ನೋಡುತ್ತಿದ್ದ. ಪೆಟ್ಟಿಗೆಯನ್ನು ಅವನ ಮೇಜಿನ ಮೇಲಿಟ್ಟಳು. ಇವನೇ ಸರಿ. ಇವನಿಗೇನು ಕಮ್ಮಿ ಕುತಂತ್ರವೇ? ತನಗೇ ಕೇಳಿಸದ ದನಿಯಲ್ಲಿ ಅಂದಳು, "ನಾನು ಎಂಬತ್ತು ಸಾವಿರ ಅಂದೆ. ನೀವಾದ್ರೆ ಎಷ್ಟು ಹೇಳ್ತೀರಿ ಸಾರ್?"

ಆತ ಹಿಡಿಕೆ ತಿರುವಿ ನೋಡಿದ. ಮುಚ್ಚಳದ ಅಂಚು ಸವರಿದ. ಐದನೆಯ ಚಿಲಕ ಅದುರುತ್ತಿತ್ತು. ಅವಳ ಎದೆ ಒಂದು ಬಡಿತ ತಪ್ಪಿತು. ಇನ್ನೊಂದು ತಪ್ಪಿತು. ಕಣ್ಣು ಕತ್ತಲಿಟ್ಟಿತು. ಹೇಳು. ಹೇಳಿಬಿಡು. ಹಿರಿಯನ ತುಟಿ ಅಲುಗಿತು.

ಚಿಲಕಗಳೆಲ್ಲ ಒಟ್ಟಿಗೆ ಸಿಡಿದು ತೆರೆದುಕೊಂಡವು. ಫ್ಯಾನಿನ ಗರಗರ, ಬೀದಿಯ ಗಲಾಟೆ, ಮನುಷ್ಯನ ಮಾತು, ಎಲ್ಲ ಕಟ್ಟೆಯೊಡೆದು ಕಿವಿಗೆ ನುಗ್ಗಿದವು.

"...ಎರಡು ಲಕ್ಷಕ್ಕೆ ಕಮ್ಮಿ ಇಲ್ಲ ಕಣಮ್ಮಾ! ಎಂಥಾ ಮಾಲು ಹುಡುಕಿದ್ದೀಯ! ನಿನ್ನನ್ನ ಕಾಯಂ ಮಾಡಿ ಅಂತ ಯಜಮಾನರ ಹತ್ರ ದಿನಾ ಗೋಗರೀತಿದ್ದೀನಿ. ಇವತ್ತು ಇದನ್ನೇ ತೋರಿಸಿಬಿಡ್ತೀನಿ ನೋಡು."

ಪೆಟ್ಟಿಗೆ ಟಕ್ ಎಂದಿತು.

ಮೇಜಿನ ಮೇಲಿದ್ದ ಅವನ ಫೋನ್ ಗಟ್ಟಿಯಾಗಿ ಬಡಿದುಕೊಳ್ಳತೊಡಗಿತು. ಆತ ತಿರುಗಲಿಲ್ಲ. ಪಟ್ಟಿಯಲ್ಲಿ ಏನೋ ಗೀಚುತ್ತಾ, ಪರದೆ ಬೆಳಗಿದ್ದನ್ನು ತಡವಾಗಿ ಕಂಡ. "ಓ, ನನ್ನ ಮಗಳು," ಎಂದು ಮುಖವರಳಿಸಿ ಫೋನನ್ನು ಕಿವಿಗಿಟ್ಟುಕೊಂಡ.

"ಹಲೋ? ಹೇಳು ಪುಟ್ಟಾ... ಹಲೋ?" ಅವಳ ಕಡೆ ನೋಡಿ ಪೆಚ್ಚಾಗಿ ನಕ್ಕ. "ಲೈನೇ ಸರಿ ಇಲ್ಲ ಅನ್ಸುತ್ತೆ. ಯಾರೂ ಮಾತಾಡ್ತಾನೇ ಇಲ್ಲ."

ಮೇಜಿನ ಈಚೆ ನಿಂತ ಅವಳಿಗೆ, ಆ ಫೋನಿನೊಳಗಿಂದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಅಪ್ಪಾ? ಅಪ್ಪಾ, ನನ್ನ ಮಾತು ಕೇಳಿಸ್ತಿದ್ಯಾ ಅಪ್ಪಾ?"