ಇದೊಂದ್ ನೋಡ್ರಿ

ಭುವನೇಶ್ವರಿಗೆ ಶ್ರೀಶೈಲ ಸಿಕ್ಕಿದ್ದು ಒಂದು ವಿಡಿಯೋದ ಕೆಳಗೆ. ಯಾವುದೋ ದೇಶದ ಹುಡುಗಿಯೊಬ್ಬಳು ಉಣ್ಣೆಯ ದಾರದಿಂದ ಮುದುಕಿಯ ಗೊಂಬೆ ಹೆಣೆದು, ಅದನ್ನು ಸ್ವಲ್ಪಸ್ವಲ್ಪವೇ ಬಿಚ್ಚುತ್ತ ಫೋಟೋ ತೆಗೆದು, ಎಲ್ಲವನ್ನೂ ಜೋಡಿಸಿ ಪುಟ್ಟ ಚಿತ್ರ ಮಾಡಿದ್ದಳು. ಕೊನೆಗೆ ಮುದುಕಿ ಇಲ್ಲ, ನೆಲದ ಮೇಲೆ ಒಂದು ರಾಶಿ ದಾರ. ಕೆಳಗೆ ಹಿಂದಿಯವರು, ಇಂಗ್ಲಿಷಿನವರು ಸಾಲುಸಾಲಾಗಿ ಅತ್ತಿದ್ದರು. ಭುವನೇಶ್ವರಿ ಕನ್ನಡದಲ್ಲಿ ಬರೆದಳು: "ದಾರ ಬಿಚ್ಚಿತಂದ್ರ ಅಜ್ಜಿ ಮುಗದಂಗಲ್ಲ. ಮತ್ತ ಹೆಣಕೊಂಡು ಯಾರರ ಹೊಚಗೊಂಡು ಮಲಗತಾರ."

ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲೇ ಬರೆದದ್ದು. ಕೈಯಲ್ಲಿದ್ದ ಚಹಾ ಆರುವುದರೊಳಗೆ ಉತ್ತರ ಬಂತು.

"ನಿಮ್ದು ಯಾವೂರ್ರಿ?"

ಪರ ಊರಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದೆ ಕೂರಲು ಕಲ್ಲುಮನಸ್ಸು ಬೇಕು. ಅವಳಿಗೆ ಅದಿರಲಿಲ್ಲ. ವಿಜಾಪುರ, ಇಂಡಿ ಕಡೆ ಎಂದಳು. ಅವನು ಧಾರವಾಡದವನು. ಈಗ ಇಬ್ಬರೂ ಮುಂಬೈಯಲ್ಲೇ. ಅವಳು ಮುಲುಂಡ್‌ನಲ್ಲಿದ್ದು ದಾದರಿನ ಒಂದು ಲ್ಯಾಬ್‌ನಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಟೈಪ್ ಮಾಡುತ್ತಿದ್ದಳು. ಅವನು ಬೋರಿವಲಿಯಲ್ಲಿದ್ದು ಜಾಹೀರಾತಿನ ವಿಡಿಯೋ ಎಡಿಟ್ ಮಾಡುತ್ತಿದ್ದ.

ಆಮೇಲೆ ದಿನವೂ ಸಂಜೆ ಅವನಿಂದ ಒಂದು ಲಿಂಕ್ ಬರತೊಡಗಿತು. ಜೊತೆಗೆ ಒಂದೇ ಮಾತು: "ಇದೊಂದ್ ನೋಡ್ರಿ."

ಒಮ್ಮೆ ಮುರಿದ ಹಾರ್ಮೋನಿಯಂನ ಉಸಿರಾಟವನ್ನೇ ತಾಳವಾಗಿಸಿದ ಹುಡುಗನ ಹಾಡು. ಒಮ್ಮೆ ಕಂಪ್ಯೂಟರಿನಲ್ಲಿ ತಾನೇ ಬರೆದ ಪ್ರೋಗ್ರಾಮಿನಿಂದ ರಂಗೋಲಿ ಬೆಳೆಸುವವಳ ಕೆಲಸ. ಭುವನೇಶ್ವರಿ ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಯಾರದೋ ಬ್ಯಾಗಿಗೆ ಗಲ್ಲ ಒತ್ತಿಕೊಂಡು ನಿಂತೇ ನೋಡುವಳು, ನಿಂತೇ ಬರೆಯುವಳು.

"ರಂಗೋಲಿ ಚಂದ ಅದ. ಆದ್ರ ಒಂದ್ ಎಳೀನೂ ತಪ್ಪಿಲ್ಲ ನೋಡ್ರಿ, ಹಂಗಾಗಿ ಯಾರ ಮನಿದಂತ ಗೊತ್ತಾಗವಲ್ದು."

"ಅರೆ, ನೀವು ಹಿಂಗೆಲ್ಲ ಬರದ್ರ ನಾ ಕೆಲಸ ಹೆಂಗ್ ಮಾಡ್ಲಿ? ಬಾಸ್ ಕೇಳಾಕತ್ತಾನ, ಒಬ್ಬನ ಯಾಕ ನಗಾಕತ್ತಿ ಅಂತ."

"ಹೇಳ್ರಿ, ಇಂಡಿ ಕಡೆಯಾಕಿ ಒಬ್ಬಾಕಿ ಸಿಕ್ಕಾಳಂತ."

ಕಳಿಸಿದ ಮೇಲೆ ನಾಚಿಕೆಯಾಗಿ, ಘಾಟ್ಕೋಪರ್ ದಾಟುವವರೆಗೆ ಅವಳು ಫೋನು ತೆಗೆಯಲಿಲ್ಲ.

ನಿಜ ಹೇಳಬೇಕೆಂದರೆ, ಆ ಊರಲ್ಲಿ ಅವಳಿಗೆ ಅಷ್ಟೇ ಇತ್ತು. ಲ್ಯಾಬ್‌ನಲ್ಲಿ ಹಿಂದಿ, ಅಲ್ಲಿ ಅವಳು "ಮ್ಯಾಡಮ್". ಮನೆಯಲ್ಲಿ ಮರಾಠಿ, ಅಲ್ಲಿ ಒಡತಿಯ ಬಾಯಲ್ಲಿ "ಪಿ.ಜಿ.ವಾಲಿ". ಅವ್ವ ತೀರಿಕೊಂಡ ಮೇಲೆ ಇಂಡಿಯಿಂದ ಫೋನು ಬರುವುದು ಮದುವೆ-ಮುಂಜಿವೆಗೆ ಮಾತ್ರ. ಕನ್ನಡ ಎಂಬುದು ಅವಳ ಬಾಯಿಂದ ಇಳಿದು ಬೆರಳಿಗೆ ಬಂದು ಕೂತಿತ್ತು. ಅದೂ ಒಬ್ಬನಿಗೆ ಬರೆಯುವಾಗ ಮಾತ್ರ.

ಹಾಗಿದ್ದರೆ ಭೇಟಿ ಯಾಕಾಗಲಿಲ್ಲ? ಮುಲುಂಡಿನ ಸೆಂಟ್ರಲ್ ಲೈನಿನವರು ಬೋರಿವಲಿಯ ವೆಸ್ಟರ್ನ್ ಲೈನಿನವರನ್ನು ಕಾಣಲು ಹೋಗುವುದೆಂದರೆ ಈ ಊರಲ್ಲಿ ಬೇರೆ ಜಿಲ್ಲೆಗೆ ಹೋದಂತೆ. ಅದು ನೆಪ. ಇಬ್ಬರಿಗೂ ಹೆದರಿಕೆ, ಅಷ್ಟೇ. ದಿನಕ್ಕೊಂದು ಚಂದದ ವಸ್ತು ನನಗಾಗಿ ಹುಡುಕುವವನೊಬ್ಬ ಇದ್ದಾನೆ ಎಂಬ ನಂಬಿಕೆಯಲ್ಲಿ ಅವಳು ಬದುಕುತ್ತಿದ್ದಳು. ಎದುರುಬದುರು ಕೂತರೆ ಅದು ಕರಗಿಹೋದೀತೆಂಬ ಭಯ.

ಅದು ಕರಗಿದ್ದು ಬೇರೆ ದಾರಿಯಲ್ಲಿ.

ಸೋಮನಾಥ ಲ್ಯಾಬ್‌ನಲ್ಲಿ ರಕ್ತ ತೆಗೆಯುವವನು, ಸೋಲಾಪುರದವನು, ಅರ್ಧ ಕನ್ನಡಿಗ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಚಾಚಿದ. "ಮ್ಯಾಡಮ್, ಹೇ ಬಘಾ. ನಿಮ್ಮ ಕನ್ನಡದಾಗ ಭಾರಿ ಪೇಜ್ ಅದ. ನಮ್ಮ ವೈನಿ ದಿನಾ ನೋಡ್ತಾಳ."

ಪೇಜಿನ ಹೆಸರು ‘ಇದೊಂದ್ ನೋಡ್ರಿ’.

ಅವಳ ಕೈಯ ಚಪಾತಿ ಕೈಯಲ್ಲೇ ಉಳಿಯಿತು. ಹಾರ್ಮೋನಿಯಂ ಅಲ್ಲಿತ್ತು, ರಂಗೋಲಿ ಅಲ್ಲಿತ್ತು, ದಾರದ ಅಜ್ಜಿಯೂ ಅಲ್ಲಿದ್ದಳು. ತನಗೆಂದು ಬಂದದ್ದೆಲ್ಲ ಊರಿಗೆಲ್ಲ ಹಂಚಿಹೋಗಿತ್ತು. ಅದಾದರೂ ನುಂಗಿಕೊಳ್ಳಬಹುದಿತ್ತೇನೋ. ಆದರೆ ಪ್ರತಿ ಚಿತ್ರದ ಕೆಳಗೂ ಅವಳದೇ ಮಾತು. ಒಂದಕ್ಷರ ಬದಲಿಸದೆ.

"ಏನ್ ಬರೀತಾನ ನೋಡ್ರಿ ಮನಷ್ಯಾ!" ಎಂದ ಸೋಮನಾಥ.

ಅವಳು ಕೆಳಕೆಳಗೆ ಸರಿಸಿದಳು. ಗೊಂಬೆ ಹೆಣೆದವಳ ಹೆಸರಿತ್ತು, ಅವಳ ಊರಿತ್ತು, ಹಿನ್ನೆಲೆಗೆ ಪಿಟೀಲು ನುಡಿಸಿದವನ ಹೆಸರಿತ್ತು. ಉಣ್ಣೆ ಕೊಟ್ಟ ಅಂಗಡಿಯ ಹೆಸರನ್ನೂ ಪುಣ್ಯಾತ್ಮ ಬಿಟ್ಟಿರಲಿಲ್ಲ. ಭುವನೇಶ್ವರಿ ಎಂಬ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಅವತ್ತು ಸಂಜೆಯ ಲಿಂಕನ್ನು ಅವಳು ತೆರೆಯಲಿಲ್ಲ. ಮರುದಿನದ್ದನ್ನೂ ಇಲ್ಲ. ಲಿಂಕು ಬರುವುದು ನಿಂತರೆ ಏನು ಗತಿ ಎಂದು ಹೆದರಿಕೆ. ಬರುತ್ತಲೇ ಇದ್ದರೆ ಸಿಟ್ಟು. ಅವನಿಗೆ ನಾನು ಯಾರು? ಮನುಷ್ಯಳೋ, ಮಾತಿನ ನಲ್ಲಿಯೋ? ಅದೊಂದು ಗೊತ್ತಾಗಬೇಕಿತ್ತು ಅವಳಿಗೆ, ಗೊತ್ತಾಗುವುದು ಬೇಡವೂ ಆಗಿತ್ತು. ಭಾನುವಾರ ಇಡೀ ದಿನ ಅವಳು ಯಾರ ಜೊತೆಗೂ ಒಂದು ಮಾತೂ ಆಡಲಿಲ್ಲ. ರಾತ್ರಿ ಹಾಲಿನ ಅಂಗಡಿಯಲ್ಲೂ ಬೆರಳು ತೋರಿಸಿಯೇ ಹಾಲು ತಂದಳು.

ಪೇಜೂ ಅಷ್ಟರಲ್ಲಿ ಬಡವಾಯಿತು. ಚಿತ್ರಗಳಿದ್ದವು, ಕೆಳಗೆ ಮಾತಿರಲಿಲ್ಲ.

ಕೊನೆಗೆ ಅವನೇ ಬರೆದ: "ಆರಾಮ್ ಇಲ್ಲೇನ್ರಿ? ಲಿಂಕ್ ಬ್ಯಾಡಂದ್ರ ಬ್ಯಾಡ. ಆರಾಮ್ ಅದೀನಿ ಅಂತ ಒಂದ್ ಮಾತ್ ಹೇಳ್ರಿ ಸಾಕು."

ಅವಳು ಪೇಜಿನ ಸ್ಕ್ರೀನ್‌ಶಾಟ್ ಕಳಿಸಿದಳು. ಕೆಳಗೆ: "ಉಣ್ಣಿ ಅಂಗಡಿಯವನ ಹೆಸರೂ ಅದ. ನಂದೆಲ್ಲಿ ಅದರಿ?"

ಅವನು ಬರೆಯುತ್ತಿದ್ದಾನೆ ಎಂದು ಪರದೆ ತೋರಿಸಿತು. ನಿಲ್ಲಿಸಿದ. ಮತ್ತೆ ಬರೆದ. ಮತ್ತೆ ನಿಲ್ಲಿಸಿದ. ಕೊನೆಗೆ ಬಂದದ್ದು ಇಷ್ಟು: "ಬರದು ಹೇಳೂದಲ್ರಿ ಇದು. ಶನಿವಾರ ನಿಮ್ಮ ಲ್ಯಾಬ್ ಬಿಟ್ಟ ಮ್ಯಾಲ ದಾದರ್‌ದಾಗ ಸಿಗ್ತೀರಾ?"

ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಅವನು ಮೊದಲೇ ಬಂದು ಕೂತಿದ್ದ. ಫೋಟೋದಲ್ಲಿದ್ದದ್ದಕ್ಕಿಂತ ಸಣಕಲು. ಅವಳನ್ನು ಕಂಡವನೇ ಎದ್ದ, ಎದ್ದ ರಭಸಕ್ಕೆ ನೀರಿನ ಲೋಟ ಉರುಳಿಸಿದ, ಕರವಸ್ತ್ರದಿಂದ ಮೇಜು ಒರೆಸುತ್ತ ಒರೆಸುತ್ತಲೇ ಅವಳತ್ತ ನೋಡಿದ. ಅವಳು ನೋಡಿದಾಗ ಮತ್ತೆ ಮೇಜು ಒರೆಸಿದ. ಒಣಗಿದ ಜಾಗವನ್ನೂ ಒರೆಸಿದ. ನಗು ಬಂತು ಅವಳಿಗೆ. ಸಿಟ್ಟು ಮಾಡಲೆಂದೇ ಬಂದವಳು ನಗುವನ್ನು ತುಟಿಯಲ್ಲೇ ಒತ್ತಿಹಿಡಿದಳು.

"ಟೇಬಲ್ ಹರೀತದ, ಬಿಡ್ರಿ," ಎಂದಳು.

ತಿಂಗಳುಗಟ್ಟಲೆ ಬರೆದದ್ದನ್ನು ಮೊದಲ ಸಲ ಬಾಯಿಬಿಟ್ಟು ಆಡಿದ್ದಳು. ಅವನು ಕಣ್ಣರಳಿಸಿ ಕೇಳಿದ, ಹಾಡು ಕೇಳಿದವನಂತೆ.

"ತಪ್ಪಾತ್ರಿ," ಎಂದ. "ಮೊದಲು ನಾನ ಬರೀತಿದ್ದೆ. ‘ಅದ್ಭುತ’, ‘ಅಮೋಘ’, ಇಂಥಾವ. ಯಾರೂ ಓದ್ತಿರಲಿಲ್ಲ. ಒಂದಿನ ನಿಮ್ಮ ಮಾತ್ ಹಾಕ್ದೆ. ಆಮ್ಯಾಲ ನನ್ನ ಮಾತು ನನಗ ಸಪ್ಪ ಅನಸ್ತು. ಮತ್ಲಬ್, ಬಿಡಾಕ ಆಗಲಿಲ್ಲ."

"ಅದು ಕೇಳಿಲ್ರಿ ನಾ. ಹೆಸರು ಯಾಕ ಹಾಕಲಿಲ್ಲ?"

ಅವನು ಲೋಟದ ಅಂಚು ತಿರುವಿದ. "ಆ ಪೇಜ್ ಸುರು ಮಾಡಿದ್ದು ನಮ್ಮ ದೊಡ್ಡವ್ವನ ಸಲುವಾಗಿ. ರುದ್ರವ್ವ ಅಂತ, ಧಾರವಾಡದಾಗ ಇರ್ತಾಳ. ನಮ್ಮವ್ವ ಹೋದ ಮ್ಯಾಲ ನನ್ನ ಬೆಳಸಿದಾಕಿ. ಈಗ ಮೊಣಕಾಲು ಹೋಗ್ಯಾವ, ಹೊರಗ ಹೋಗಾಕ ಆಗೂದಿಲ್ಲ. ಕುಂತಲ್ಲೇ ದಿನಾ ಏನರ ಒಂದ್ ಚಲೋದ್ ನೋಡ್ಲಿ ಅಂತ ಮಾಡ್ದೆ. ನಾ ಹಾಕಿದ ಕೂಡ್ಲೆ ಮೊದಲು ನೋಡಾಕಿ ಆಕೀನ. ಬಂಧು ಬಳಗ ಎಲ್ಲಾ ಅದರಾಗ ಐತಿ. ಒಬ್ಬ ಹೆಣ್ಮಗಳ ಹೆಸರು ದಿನಾ ನನ್ನ ಪೇಜಿನ್ಯಾಗ ಬಂದ್ರ, ದೊಡ್ಡವ್ವ ಫೋನ್ ಮಾಡಿ ಕೇಳೂದು ಒಂದ ಮಾತು: ಯಾರೋ ಈಕಿ?"

"ಕೇಳಿದ್ರ?"

"ಹೇಳಾಕ ಉತ್ತರ ಇರಲಿಲ್ರಿ. ಬರೇ ದೋಸ್ತ್ ಅಂದ್ರ ದೊಡ್ಡವ್ವಗ ಸುಳ್ಳು ಹೇಳಿದಂಗ." ಅವನ ಕಿವಿಗಳು ಕೆಂಪಾದವು. "ಖರೇ ಹೇಳಿದ್ರ, ನಿಮ್ಮನ್ನ ಕೇಳೂಕಿಂತ ಮೊದಲ ಊರಿಗೆ ಹೇಳಿದಂಗ."

ಭುವನೇಶ್ವರಿ ಹೊರಗೆ ನೋಡಿದಳು. ಬಾಗಿಲಾಚೆ ಜನ ಸ್ಟೇಷನ್ನಿನ ಸೇತುವೆಯತ್ತ ನುಗ್ಗುತ್ತಿದ್ದರು. ಅವಳಿಗೆ ಬೇಕಾಗಿದ್ದ ಉತ್ತರ ಇದೇ, ಇದಕ್ಕಿಂತ ಹೆಚ್ಚೇ. ಖುಷಿಯಾಗಬೇಕಿತ್ತು, ಖುಷಿಯೂ ಆಯಿತು, ಅದರ ಕೆಳಗೆ ಏನೋ ಇನ್ನೂ ನೋಯುತ್ತಿತ್ತು.

"ನಿಮಗ ಹೆದರಿಕಿ ಬಂತಂತ ನಾ ಹೆಸರಿಲ್ಲದಾಕಿ ಆದ್ನಿ," ಎಂದಳು. "ಈ ಊರಾಗ ನನ್ನ ಹೆಸರು ಹಿಡದು ಕರಿಯವ್ರು ಯಾರೂ ಇಲ್ಲ ಶ್ರೀಶೈಲ. ನೀವೂ ಕರೀಲಿಲ್ಲ. ಇಷ್ಟ್ ದಿನಾ ಬರೇ ‘ರೀ, ರೀ’ ಅಂದೀರಿ."

ಅವನು ಫೋನು ತೆಗೆದು ಅವಳ ಮುಂದೆ ಇಟ್ಟ. "ಈವತ್ತಿಂದು ಇನ್ನೂ ಹಾಕಿಲ್ಲ. ಭುವನೇಶ್ವರಿ, ಇದೊಂದ್ ನೋಡ್ರಿ."

ಹಿಮ ಬಿದ್ದ ಬಯಲು. ಒಬ್ಬ ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆ. ಸುತ್ತುತ್ತಾನೆ, ಬಾಗುತ್ತಾನೆ, ಹುಚ್ಚನಂತೆ ಅತ್ತಿತ್ತ ಹೋಗುತ್ತಾನೆ. ಕ್ಯಾಮೆರಾ ಮೇಲೇರುತ್ತದೆ, ಮೇಲೇರುತ್ತದೆ. ಚಕ್ರದ ಗೆರೆಗಳೆಲ್ಲ ಕೂಡಿ ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿ.

ಅವಳು ಅದನ್ನು ಎರಡನೇ ಸಲ ನೋಡಿದಳು. ಅವನು ಅವಳನ್ನು ನೋಡಿದ. ಈ ಸಲ ಅವಳು ತಲೆ ಎತ್ತಿದಾಗಲೂ ಕಣ್ಣು ತೆಗೆಯಲಿಲ್ಲ.

"ತುಳಿಯವಗ ಹಕ್ಕಿ ಕಾಣಂಗಿಲ್ಲ," ಎಂದಳು ಮೆಲ್ಲಗೆ. "ಮ್ಯಾಲಿಂದ ನೋಡವ್ರು ಒಬ್ಬರು ಬೇಕು."

ಅವನು ಅದನ್ನೇ ಟೈಪ್ ಮಾಡಿದ. ಕೆಳಗೆ ಸೈಕಲಿನವನ ಹೆಸರು, ಅವನ ಊರು. ಅದರ ಕೆಳಗೆ: "ಮಾತು: ಭುವನೇಶ್ವರಿ." ಬೆರಳು ನಿಂತಿತು.

"ವಿಚಾರ ಮಾಡ್ರಿ ಮತ್ತ," ಎಂದ. "ಇದನ್ನ ಒತ್ತಿದ್ರ ಊರಿಗೆಲ್ಲ ಗೊತ್ತಾಗ್ತದ."

ಅವಳು ಕೈ ಚಾಚಿ, ಅವನ ಬೆರಳಿನ ಪಕ್ಕದಿಂದ ತಾನೇ ಒತ್ತಿದಳು.

ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ. ಅವನ ಬೆರಳು ಅವಳ ಬೆರಳಿಗೆ ತಾಗಿಯೇ ಇತ್ತು, ಮರೆತಂತೆ. ಇಬ್ಬರಲ್ಲಿ ಯಾರೂ ಮರೆತಿರಲಿಲ್ಲ.

ಫೋನು ಹೊಡೆದುಕೊಂಡಿತು. ‘ದೊಡ್ಡವ್ವ’.

ಶ್ರೀಶೈಲನ ಮುಖದ ಬಣ್ಣ ಇಳಿಯಿತು. "ಎತ್ರಿ," ಎಂದಳು ಭುವನೇಶ್ವರಿ. ಹೋಟೆಲಿನ ಗದ್ದಲಕ್ಕೆ ಅವನು ಸ್ಪೀಕರ್ ಹಾಕಿದ.

"ಶ್ರೀಶೈಲಾ, ಯಾರೋ ಈಕಿ ಭುವನೇಶ್ವರಿ?"

ಅವನು ಭುವನೇಶ್ವರಿಯನ್ನೇ ನೋಡುತ್ತ ಹೇಳಿದ: "ಇಷ್ಟ್ ದಿನಾ ನೀ ಚಲೋ ಬರೀತಿ, ಚಲೋ ಬರೀತಿ ಅಂತಿದ್ದಿ ಅಲ್ಲ ದೊಡ್ಡವ್ವ. ಅದೆಲ್ಲಾ ಈಕೀದ. ಈಕಿ ಇಲ್ಲದ ವಾರ ನಂಗ ಒಂದ್ ಮಾತೂ ಹೊಳೀಲಿಲ್ಲ. ಇಲ್ಲೇ ಎದುರಿಗೆ ಕುಂತಾಳ."

"ನಂಗ ಆವಾಗ್ಲೇ ಅನಿಸಿತ್ತು," ಎಂದಳು ರುದ್ರವ್ವ. "ಇವಗೆಲ್ಲಿ ಬರಬೇಕು ಇಂಥಾ ಮಾತು. ಫೋನ್ ಆಕೀ ಕಡೆ ಕೊಡು."

ಅವನು ಫೋನನ್ನು ಅವಳತ್ತ ಸರಿಸಿದ. ಅವಳು ಹೆಗಲ ಮೇಲೆ ಇಲ್ಲದ ಸೆರಗನ್ನು ಸುಮ್ಮನೆ ಸರಿಪಡಿಸಿಕೊಂಡಳು.

"ಭುವನೇಶ್ವರೀ."

ಅವ್ವ ಹೋದ ಮೇಲೆ ಯಾರೂ ಹೀಗೆ ಕೊನೆಯ ಅಕ್ಷರ ಎಳೆದು ಕರೆದಿರಲಿಲ್ಲ. "ಹಾಂ, ದೊಡ್ಡವ್ವಾ," ಎನ್ನುವಷ್ಟರಲ್ಲಿ ಅವಳ ದನಿ ಒಡೆಯಿತು.

"ಯಾಕವ್ವಾ, ದನಿ ಹಿಂಗ್ಯಾಕ? ಉಂಡಿಯೋ ಇಲ್ಲೋ?"

"ಇಲ್ಲ ದೊಡ್ಡವ್ವ. ಇನ್ನೂ ಇಲ್ಲ."

ಅಷ್ಟು ಹೇಳಿ ಅವಳು ತುಂಬಿದ ಹೋಟೆಲಿನ ನಡುವೆ, ಮರೆಮಾಚದೆ ಅತ್ತಳು. ಶ್ರೀಶೈಲ ಅವಳ ಕೈ ಬಿಡದೆ, ಇನ್ನೊಂದು ಕೈ ಎತ್ತಿ ವೇಟರ್‌ನನ್ನು ಕರೆದ.